ನಿದ್ದೆ ಹಿಡಿಯುವ ಪಟ್ಟಿ, ಸ್ಕೂಟರ್ ಕೀ

ನನ್ನ ಸ್ಕೂಟರ್ ಕೀ ಈಗ ಯಾರ ಹತ್ತಿರ ಇದೆ, ಯಾಕಿದೆ, ಊಹಿಸಿ ನೋಡೋಣ. ಆಗೋದಿಲ್ಲ ಬಿಡಿ. ಕಾಲೇಜಿನಲ್ಲಿ ಪಾಠ ಹೇಳುತ್ತಾ ಹಿಂದಿನ ಬೆಂಚಿನವರ ನಿದ್ದೆ ಹಿಡಿಯುತ್ತಿದ್ದವನು ನಾನು. ನಿವೃತ್ತನಾದ ಮೇಲೆ ನನ್ನ ನಿದ್ದೆ ಹಿಡಿಯುವವರೇ ಹೆಚ್ಚಾದರು.

೧. ಪಟ್ಟಿ ಕಟ್ಟಿದ್ದು

ಹಗಲೆಲ್ಲ ತೂಕಡಿಸುತ್ತೇನೆಂದು ನನ್ನಾಕೆ ಹೊಸೂರಿನ ಡಾಕ್ಟರಿಗೆ ದೂರು ಕೊಟ್ಟಳು. ಅವರು ಗಡಿಯಾರದಂಥ ಪಟ್ಟಿಯೊಂದನ್ನು ನನ್ನ ಮಣಿಕಟ್ಟಿಗೆ ಬಿಗಿದರು.

"ಒಂದು ವಾರ ಬಿಚ್ಚಬೇಡಿ ಸಾರ್. ಕೈ ಆಡಿದ್ರೆ ಎಚ್ಚರ, ಆಡದಿದ್ರೆ ನಿದ್ದೆ ಅಂತ ಲೆಕ್ಕ. ಹಗಲು ನಿದ್ದೆ ಜಾಸ್ತಿ ಇದ್ರೆ ಸ್ಕೂಟರ್ ಬೇಡ."

ಸ್ಕೂಟರ್ ಹೋದರೆ ಉದ್ದನಪಲ್ಲಿಯ ಗೆಳೆಯನ ಜಗಲಿಯ ಹರಟೆಯೂ ಹೋದಂತೆ. "ಫೋನಲ್ಲೇ ಹರಟ್ಕೊಳ್ಳಿ" ಎಂದಳು ಇವಳು. ಫೋನಿನಲ್ಲಿ ಹುರಿದ ಕಡಲೆಕಾಯಿ ಬರುತ್ತದೆಯೇ?

೨. ರಾಯಕೋಟೆ ಬಸ್ಸು

ಆ ವಾರ ಕೀ ಅವಳ ಸೆರಗಿನ ಗಂಟಿನಲ್ಲಿ. ಹಾಗಾಗಿ ಗೆಳೆಯನ ಜೊತೆ ರಾಯಕೋಟೆಗೆ ಬಸ್ಸಿನಲ್ಲೇ ಹೋದೆ. ಹತ್ತಿದ್ದು ಗೊತ್ತು, ಇಳಿದದ್ದು ಗೊತ್ತು.

"ಏನ್ ಗೊರಕೆ ಕಣ್ಲಾ! ಎಬ್ಬಿಸಿ ಎಬ್ಬಿಸಿ ಕಂಡಕ್ಟರ್ರೇ ಸುಸ್ತಾಗ್ಬುಟ್ಟ" ಎಂದ ಗೆಳೆಯ.

ಪಟ್ಟಿಯ ಪುಟ್ಟ ಪರದೆ ನೋಡಿದರೆ ದಾರಿಯುದ್ದಕ್ಕೂ ಎಚ್ಚರ! ಗುಂಡಿಬಿದ್ದ ರಸ್ತೆ ನನ್ನ ಕೈ ಆಡಿಸಿತ್ತು. ಆ ರಸ್ತೆಯನ್ನು ದಯವಿಟ್ಟು ರಿಪೇರಿ ಮಾಡಬೇಡಿ ಎಂದು ಅರ್ಜಿ ಹಾಕೋಣ ಅನ್ನಿಸಿತು.

೩. ಜಪ

ಮರುದಿನ ದೇವರ ಮುಂದೆ ಅಲುಗಾಡದೆ ಜಪಕ್ಕೆ ಕೂತೆ. ದೇವರಾಣೆ, ಎಚ್ಚರವಾಗಿಯೇ ಇದ್ದೆ. ಪರದೆಯಲ್ಲಿ ಮಾತ್ರ ಗಾಢ ನಿದ್ದೆ.

"ಬಸ್ಸಲ್ಲಿ ಮಲಗಿದ್ರೆ ಎಚ್ಚರ ಅನ್ನುತ್ತೆ, ಜಪ ಮಾಡಿದ್ರೆ ನಿದ್ದೆ ಅನ್ನುತ್ತೆ. ಇದೆಂಥ ನ್ಯಾಯ ಕಣೇ?"

"ಜಪಾನೂ ಬಸ್ಸಲ್ಲೇ ಮಾಡಿ ರೀ."

೪. ಒಬ್ಬಟ್ಟು

ನನ್ನ ಸಪ್ಪೆ ಮೋರೆ ನೋಡಿ ಅವಳಿಗೇ ಪಾಪ ಅನ್ನಿಸಿತು. "ಕೊಡಿ ಇತ್ಲಾಗೆ. ಉಳಿದ ಎರಡು ದಿನ ನಾನೇ ಕಟ್ಕೋತೀನಿ. ನಿಮ್ಮ ಸ್ಕೂಟರ್ ಉಳ್ಕೊಳ್ಳಲಿ."

ಮನೆಯಲ್ಲಿ ಹಬ್ಬ. ಪಟ್ಟಿ ಕಟ್ಟಿಕೊಂಡೇ ಹೂರಣ ರುಬ್ಬಿದಳು, ಒಬ್ಬಟ್ಟು ತಟ್ಟಿದಳು, ಕಳಶಕ್ಕೆ ಸೀರೆ ಉಡಿಸಿದಳು, ಬಂದವರಿಗೆಲ್ಲ ತಾಂಬೂಲ ಕೊಟ್ಟಳು. ನಾನು ಒಬ್ಬಟ್ಟು ತಿಂದು ನಿಶ್ಚಿಂತೆಯಿಂದ ಮಲಗಿದೆ.

ಹಬ್ಬದ ಮಾರನೆಯ ದಿನ ಡಾಕ್ಟರು ಪಟ್ಟಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ ಗಾಬರಿಯಾದರು. "ಏನ್ ಸಾರ್ ಇದು! ಕಡೇ ಎರಡು ದಿನ ಕೋಳಿ ಕೂಗೋ ಮುಂಚೆ ಎದ್ದಿದ್ದೀರಿ, ಒಂದು ಗಳಿಗೆ ಕೈ ನಿಂತಿಲ್ಲ. ನಿದ್ದೆ ಸಾಲದೇನೇ ನೀವು ತೂಕಡಿಸೋದು. ಸ್ಕೂಟರ್ ಮುಟ್ಟಲೇಬೇಡಿ! ಈ ವಯಸ್ಸಲ್ಲಿ ಮನೆಗೆಲಸ ಎಲ್ಲ ನೀವೊಬ್ಬರೇ ಮಾಡ್ತೀರಾ? ಅಮ್ಮ ಏನ್ ಮಾಡ್ತಾರೆ?"

ಪಕ್ಕದಲ್ಲಿ ಕೂತಿದ್ದ ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನನಗೂ ನಗು ಬಂತು. ಅವಳ ಕಣ್ಣಿನ ಕೆಳಗಿನ ಕಪ್ಪು ಕಂಡು ಅರ್ಧಕ್ಕೇ ನಿಂತಿತು.

ಕೀ ಇಂದಿಗೂ ಆ ಸೆರಗಿನಲ್ಲೇ ಇದೆ. ಬೆಳಗಿನ ಕಾಫಿ ಮಾಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ. ಎಂದಿನಿಂದ ಅಂತೀರೋ? ವರಮಹಾಲಕ್ಷ್ಮಿ ಹಬ್ಬವಾದ ಮೇಲಿನ ಭಾನುವಾರದಿಂದ.