ಒಂದೇ ಬಾಗಿಲಿಗೆ ನಮ್ಮ ಎರಡು ಬೀಗ

ಅಥ್ಲೆಟಿಕ್ ಒಕ್ಕೂಟದ ಮಾನ್ಯ ಅಧ್ಯಕ್ಷರಿಗೆ, ಹಾಗೂ ತಾವೇ ಅಧ್ಯಕ್ಷರೆನ್ನುತ್ತಿರುವ ಮಾನ್ಯ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ತಾವಿಬ್ಬರೂ ಕ್ಷೇಮವಾಗಿದ್ದೀರೆಂದು ಪತ್ರಿಕೆಗಳ ಮುಖಪುಟದಿಂದ ದಿನವೂ ತಿಳಿಯುತ್ತಿರುವುದರಿಂದ ಆ ವಿಚಾರ ಕೇಳಿ ತಮ್ಮ ಸಮಯ ಹಾಳುಮಾಡುವುದಿಲ್ಲ. ನಾನು ತಮ್ಮ ಒಕ್ಕೂಟವನ್ನು ಎರಡು ವರ್ಷಗಳಿಂದ ಪ್ರಾಯೋಜಿಸುತ್ತಿರುವ ಬೀಗದ ಕಂಪನಿಯ ಪ್ರಚಾರ ವಿಭಾಗದವಳು. ಪತ್ರಿಕಾಗೋಷ್ಠಿಗಳಲ್ಲಿ ತಮ್ಮ ಬೆನ್ನ ಹಿಂದೆ ತೂಗುವ ಬಟ್ಟೆಯ ಮೇಲೆ ಮೂವತ್ತೆರಡು ಬಾರಿ ಅಚ್ಚಾಗಿರುವ ಬೀಗದ ಚಿತ್ರ ನಮ್ಮದು. "ಒಕ್ಕೂಟದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ" ಎಂದು ಅಧ್ಯಕ್ಷರು ಘೋಷಿಸಿದ ದಿನ ಅವರ ಎರಡೂ ಕಿವಿಗಳ ಪಕ್ಕದಲ್ಲಿ ಓಲೆಗಳಂತೆ ಜೋತುಬಿದ್ದಿದ್ದೂ ಅದೇ.

ಮೊದಲು ಅಭಿನಂದನೆ. ಅವಧಿ ಮುಗಿದು ಹದಿನಾಲ್ಕು ತಿಂಗಳಾದರೂ ಕುರ್ಚಿಯಿಂದ ಏಳದ ಅಧ್ಯಕ್ಷರ ದಮ್ಮು ಯಾವ ಮ್ಯಾರಥಾನ್ ಓಟಗಾರನಿಗೂ ಮಾದರಿ. ಕಾದು ಸುಸ್ತಾಗಿ, ಹೋಟೆಲೊಂದರ ಊಟದ ಕೋಣೆಯಲ್ಲಿ ಹನ್ನೊಂದು ಜನರನ್ನು ಕೂರಿಸಿ ಚುನಾವಣೆ ನಡೆಸಿ ಅವಿರೋಧವಾಗಿ ಗೆದ್ದ ಕಾರ್ಯದರ್ಶಿಗಳ ವೇಗವೂ ಕಡಿಮೆಯದಲ್ಲ. ಸೂಚನೆ, ಅನುಮೋದನೆ, ಚಪ್ಪಾಳೆ ಎಲ್ಲ ಸೇರಿ ಒಂಬತ್ತು ನಿಮಿಷ. ಮರುದಿನ ಅಧ್ಯಕ್ಷರು ಒಕ್ಕೂಟದ ಉಗ್ರಾಣಕ್ಕೆ ಬೀಗ ಜಡಿದರು. ಅದರ ಮರುದಿನ ಕಾರ್ಯದರ್ಶಿಗಳು ಅದರ ಕೆಳಗೇ ಇನ್ನೊಂದು ಜಡಿದರು. ಆ ಎರಡೂ ಬೀಗಗಳು, ಆಟಗಾರರ ಕೊಠಡಿಗಳಿಗೆಂದು ಕಳೆದ ವರ್ಷ ನಾವೇ ಉಚಿತವಾಗಿ ಕೊಟ್ಟ ಪೆಟ್ಟಿಗೆಯಿಂದ ತೆಗೆದವು. ಆಮೇಲೆ ಇಬ್ಬರೂ ಬೇರೆ ಬೇರೆ ದಿನ ಫೋಟೋಗ್ರಾಫರುಗಳನ್ನು ಕರೆಸಿ, ಆಗತಾನೆ ಹುಟ್ಟಿದ ಮಗುವನ್ನು ತೋರಿಸುವ ಹಾಗೆ ಬೀಗವನ್ನು ಅಂಗೈಯಲ್ಲಿ ಎತ್ತಿ ತೋರಿಸಿದಿರಿ. ನಮ್ಮ ಯಾವ ಜಾಹೀರಾತಿನಲ್ಲೂ ನಮ್ಮ ಬೀಗ ಇಷ್ಟು ಹತ್ತಿರದಿಂದ, ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಪ್ರಚಾರದ ಫಲ ತಡವಾಗಲಿಲ್ಲ. ಮೂವತ್ತು ವರ್ಷದಿಂದ ನಮ್ಮ ಬೀಗ ಮಾರುತ್ತಿರುವ ಅಂಗಡಿಯವರೊಬ್ಬರು ಫೋನ್ ಮಾಡಿ, "ಮೇಡಂ, ಈಗ ಗಿರಾಕಿಗಳು ಇದನ್ನ ಜಗಳದ ಬೀಗ ಅಂತಾರೆ. ನಿನ್ನೆ ಒಬ್ಬ ಬಂದು ಎರಡು ಕೊಡಿ, ನನಗೊಂದು ನನ್ನ ತಮ್ಮಂಗೊಂದು, ಮನೆ ಪಾಲಾಗ್ತಿದೆ ಅಂದ" ಎಂದರು. ನಮ್ಮ ಘೋಷವಾಕ್ಯ 'ನಿಶ್ಚಿಂತೆಯಿಂದ ಹೊರಡಿ' ಎಂದು. ಎರಡು ವರ್ಷ ತಮ್ಮ ತಲೆಯ ಮೇಲೇ ತೂಗುತ್ತಿದ್ದರೂ ಅದನ್ನು ತಮಗೇ ಹೇಳಿದ್ದೆಂದು ತಾವು ಒಮ್ಮೆಯೂ ಭಾವಿಸಲಿಲ್ಲ.

ತಪ್ಪಿನಲ್ಲಿ ನನ್ನ ಪಾಲನ್ನು ಒಪ್ಪಿಕೊಳ್ಳದಿದ್ದರೆ ಈ ಪತ್ರ ಬರೆಯುವ ಹಕ್ಕು ನನಗಿಲ್ಲ. ಕ್ರೀಡೆಯ ಶಿಸ್ತು ನಮ್ಮ ಹೆಸರಿಗೂ ಅಂಟಲಿ ಎಂದು ಆಡಳಿತ ಮಂಡಳಿಗೆ ಟಿಪ್ಪಣಿ ಬರೆದವಳು ನಾನೇ. ಆಟಗಾರರು ಎಷ್ಟು ಎತ್ತರ ಹಾರುತ್ತಾರೆಂದು ಕೇಳಿದ್ದೆ, ಒಕ್ಕೂಟದ ಚುನಾವಣೆ ಕೊನೆಯ ಬಾರಿ ನಡೆದದ್ದು ಯಾವಾಗ ಎಂದು ಕೇಳಿರಲಿಲ್ಲ. ಕೇಳಲು ಸಂಕೋಚವಿತ್ತೋ, ಅಥವಾ ಮೊದಲ ಸಾಲಿನ ಮೆತ್ತನೆಯ ಕುರ್ಚಿ ಹಿತವಾಗಿತ್ತೋ, ಇಂದಿಗೂ ನನಗೆ ಖಚಿತವಿಲ್ಲ.

ಆದರೆ ಈಗಿನ ವಿಷಯ ನಮ್ಮ ಹೆಸರಿನದಲ್ಲ. ತಮ್ಮ ಉಗ್ರಾಣದೊಳಗೆ ಪೋಲ್ ವಾಲ್ಟ್ ಆಟಗಾರ್ತಿಯೊಬ್ಬಳ ನಾಲ್ಕು ಕೋಲುಗಳಿವೆ. ಹಾರುವವರ ತೂಕ ನೋಡಿ ಮಾಡಿಸುವ ಕೋಲುಗಳವು; ಇನ್ನೊಬ್ಬರದನ್ನು ಎರವಲು ತಂದರೆ ಬಾಗಬೇಕಾದಲ್ಲಿ ಬಾಗುವುದಿಲ್ಲ. ತಮ್ಮಿಬ್ಬರನ್ನೂ ನಂಬದೆ ಮೇಲಿನ ಸಂಸ್ಥೆಯೇ ನಡೆಸುತ್ತಿರುವ ಆಯ್ಕೆಯ ಸ್ಪರ್ಧೆ ಈ ಶನಿವಾರ. ಆಕೆಗೆ ಇಪ್ಪತ್ತೊಂಬತ್ತು. ಮುಂದಿನ ಆಯ್ಕೆ ನಾಲ್ಕು ವರ್ಷದ ನಂತರ. ಮೊನ್ನೆ ನನ್ನ ಕಚೇರಿಗೆ ಬಂದವಳು ಗೋಡೆಯ ಮೇಲಿನ ತನ್ನದೇ ಪೋಸ್ಟರಿನ ಕೆಳಗೆ ಕೂತು, "ಅಕ್ಕಾ, ಹದಿನೈದು ವರ್ಷ ಹಾರೋದು ಕಲ್ತೆ. ಬಾಗಿಲು ಮುರಿಯೋದು ಯಾರೂ ಕಲಿಸ್ಲಿಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಬಾಗಿಲು ಮುರಿಯಲು ಬರುವುದಿಲ್ಲ, ನಮ್ಮ ಬೀಗ ಅಷ್ಟು ಗಟ್ಟಿ. ತಳದಲ್ಲಿ ಕೊರೆದಿರುವ ನಂಬರು ಹೇಳಿದರೆ ನಮ್ಮ ಕಾರ್ಖಾನೆ ಬದಲಿ ಕೀಲಿ ಮಾಡಿಕೊಡುತ್ತದೆ. ಆದರೆ ಮಾಲೀಕರು ಬರವಣಿಗೆಯಲ್ಲಿ ಕೇಳಬೇಕು. ಆ ನಿಯಮವನ್ನು ಹೆಮ್ಮೆಯಿಂದ ಪ್ರಚಾರ ಮಾಡಿದವಳೂ ನಾನೇ. ತಾವಿಬ್ಬರೂ ಒಂದೇ ದಿನ ಪತ್ರ ಬರೆದು, ಎರಡೂ ಬೀಗಕ್ಕೆ ತಾವೊಬ್ಬರೇ ಮಾಲೀಕರೆಂದೂ ಇನ್ನೊಬ್ಬರಿಗೆ ಕೀಲಿ ಕೊಡಕೂಡದೆಂದೂ ಎಚ್ಚರಿಸಿದ್ದೀರಿ.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಇಬ್ಬರೂ ಒಂದೇ ಹೊತ್ತಿಗೆ ಬಂದು ಬಾಗಿಲು ತೆರೆಯಿರಿ; ಒಬ್ಬರ ಮುಖ ಒಬ್ಬರು ನೋಡಲಾಗದಿದ್ದರೆ ಕಣ್ಣಿಗೆ ಬಟ್ಟೆ ಒದಗಿಸುತ್ತೇವೆ. ಮುಂದಿನ ಜಗಳಕ್ಕೆ ದಯವಿಟ್ಟು ನಮ್ಮ ಪ್ರತಿಸ್ಪರ್ಧಿ ಕಂಪನಿಯ ಬೀಗ ಬಳಸಿ. ಮುಂದೆಂದಾದರೂ ತನಿಖೆಯವರು ತಮ್ಮನ್ನು ಕರೆದೊಯ್ಯಲು ಬಂದಾಗ ನಮ್ಮ ಚಿಹ್ನೆಯಿರುವ ಜಾಕೆಟ್ಟನ್ನು ಮೊದಲು ಬಿಚ್ಚಿಡಿ. ಅದೂ ಕಷ್ಟವೆನಿಸಿದರೆ ಪ್ರಾಮಾಣಿಕರಾಗಿಬಿಡಿ. ಅಸಾಧ್ಯವಾದದ್ದನ್ನು ಕೇಳುತ್ತಿದ್ದೇನೆಂದು ಬಲ್ಲೆ.

ತಮ್ಮಲ್ಲಿ ಅಲ್ಲದಿದ್ದರೂ ತಮ್ಮ ಬಾಗಿಲಿನ ಬೀಗಗಳಲ್ಲಿ ಪೂರ್ತಿ ನಂಬಿಕೆಯಿರುವ,
ತಮ್ಮ ವಿಶ್ವಾಸಿ,
ಪ್ರಚಾರ ವಿಭಾಗದ ಮುಖ್ಯಸ್ಥೆ

ತಾ.ಕ.: ಪತ್ರ ಮೂರು ದಿನ ನನ್ನ ಮೇಜಿನ ಮೇಲೇ ಉಳಿಯಿತು. ಕೀಲಿ ವಿಭಾಗದ ಮೇಸ್ತ್ರಿ ಅದನ್ನು ಓದಿ, ಎರಡು ಪತ್ರಿಕೆಗಳನ್ನೂ ಭೂತಗನ್ನಡಿಯನ್ನೂ ನನ್ನ ಮುಂದಿಟ್ಟು, "ಮೇಡಂ, ಎರಡು ನಂಬರೂ ಫೋಟೋದಲ್ಲೇ ಇದೆ. ಮಾಲೀಕರು ಬರೆದುಕೊಟ್ರೆ ಅರ್ಧ ಗಂಟೆ ಕೆಲಸ. ಅಲ್ಲ, ಕೊಟ್ಟಿದ್ದು ನಾವು ಅಂದ್ಮೇಲೆ ಬೀಗ ಯಾರದ್ದು?" ಎಂದರು. ಒಪ್ಪಂದ ತೆಗೆದು ನೋಡಿದೆ. ಪ್ರಾಯೋಜಕರು ಕೊಟ್ಟ ಎಲ್ಲ ಸಾಮಗ್ರಿ ಒಪ್ಪಂದ ಮುಗಿಯುವವರೆಗೆ ಪ್ರಾಯೋಜಕರದೇ ಎಂಬ ಸಾಲಿನ ಕೆಳಗೆ ಅಧ್ಯಕ್ಷರ ಸಹಿ, ಸಾಕ್ಷಿಯಾಗಿ ಕಾರ್ಯದರ್ಶಿಗಳ ಸಹಿ. ಕಂಪನಿಯ ಪರವಾಗಿ ಕಂಪನಿಗೇ ಅರ್ಜಿ ಬರೆದುಕೊಟ್ಟೆ. ನಿನ್ನೆ ಬೆಳಗ್ಗೆ ಕೋಲುಗಳು ಹೊರಬಂದವು. ತಾವಿಬ್ಬರೂ ತಲಾ ಒಬ್ಬರಂತೆ ನೇಮಿಸಿರುವ ಇಬ್ಬರು ಕಾವಲುಗಾರರು, 'ನಾನೇನೂ ನೋಡಿಲ್ಲ' ಎಂದು ಪರಸ್ಪರ ಹೇಳಿಕೊಂಡು, ಒಂದೊಂದು ತುದಿ ಹಿಡಿದು ಅವನ್ನು ನಮ್ಮ ವ್ಯಾನಿನ ಮೇಲೆ ಕಟ್ಟಿಕೊಟ್ಟರು. ಎರಡೂ ಬಣ ಸೇರಿ ಈ ವರ್ಷ ಮಾಡಿದ ಏಕೈಕ ಕೆಲಸವದು. ಬೀಗಗಳನ್ನು ಮತ್ತೆ ಹಾಕಿ ಬಂದಿದ್ದೇವೆ. ಒಳಗೆ ಉಳಿದಿರುವುದು ಹರಿದ ಎರಡು ಚಾಪೆ, ಒಂದು ಮುರಿದ ಕುರ್ಚಿ. ಕುರ್ಚಿಗಾಗಿ ತಾವು ನಿಶ್ಚಿಂತೆಯಿಂದ ಜಗಳ ಮುಂದುವರಿಸಬಹುದು.