ಮ್ಯಾಂಚೆಸ್ಟರಿನಿಂದ ಬಂದ ಸಾಹೇಬರು

ಮುಖ ನೋಡಿದ ಕೂಡಲೇ ಮನುಷ್ಯ ಯಾರು, ಎಂಥವನು ಎಂದು ಹೇಳಿಬಿಡುತ್ತೇನೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೆದರಿಕೆ. ಅಂಥವರ ಕೈಗೆ ನಾನು ಬಹಳ ಸಲ ಸಿಕ್ಕಿದ್ದೇನೆ. ನನ್ನ ಬಣ್ಣ ರೊಟ್ಟಿ ಸುಟ್ಟು ಸುಟ್ಟು ಪಳಗಿದ ಹಂಚಿನದು. ಬೀಗರ ಮನೆಯ ಮದುವೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದರೂ ಯಾರಾದರೊಬ್ಬರು ಬಂದು, "ನೀರಿನ ಡ್ರಮ್ಮು ಖಾಲಿ ಆಗೈತಿ ನೋಡು" ಎಂದು ಹೇಳಿಯೇ ಹೋಗುತ್ತಾರೆ. ಕನ್ಯೆ ನೋಡಲು ಇಚಲಕರಂಜಿಗೆ ಹೋದಾಗಲಂತೂ ಉಪ್ಪಿಟ್ಟಿನ ಮೊದಲ ತಾಟು ನನ್ನ ಜೊತೆಗೆ ಬಂದಿದ್ದ ಗೆಳೆಯನ ಮುಂದೆ ಹೋಯಿತು. ಗೆಳೆಯ ಕೆಂಪಗೆ ಚೆಂದಾಗಿದ್ದ. ಇವತ್ತಿಗೂ ನನ್ನ ಹೆಂಡತಿ ಶೈಲಾ ಈ ವಿಷಯವನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತಾಳೆ: "ನಾನೂ ಅವರನ್ನ ನೋಡೇ ಹೂಂ ಅಂದಿದ್ದೆ. ಆಮ್ಯಾಲೆ ನೀವು ಅಂತ ಗೊತ್ತಾತು. ಒಮ್ಮೆ ಹೂಂ ಅಂದ ಮ್ಯಾಲೆ ಏನ್ ಮಾಡೂದ್ರೀ?" ಆ ಹೂಂಕಾರದ ಮೇಲೆಯೇ ನಮ್ಮ ಸಂಸಾರ ಸುಖವಾಗಿ ನಡೆದಿದೆ.

ಇಷ್ಟೆಲ್ಲ ಅನುಭವಿಸಿದವನು ಇನ್ನೊಬ್ಬರ ವಿಷಯದಲ್ಲಿ ತಪ್ಪಲಾರ ಎಂದು ನೀವು ತಿಳಿಯಬಹುದು. ನಾನೂ ಹಾಗೆಯೇ ತಿಳಿದಿದ್ದೆ.

ನಾನು ಕೊಲ್ಹಾಪುರದ ಹತ್ತಿರ ಗೋಕುಳ ಶಿರಗಾಂವದ ಒಂದು ಎರಕದ ಕಾರ್ಖಾನೆಯಲ್ಲಿ ಮಾಲು ರವಾನಿಸುವ ವಿಭಾಗದ ಮುಖ್ಯಸ್ಥ. ಹೋದ ಚಳಿಗಾಲದಲ್ಲಿ ಇಂಗ್ಲೆಂಡಿನ ಒಂದು ಪಂಪು ಕಂಪನಿಯವರು ನಮ್ಮ ಎರಕಗಳನ್ನು ಪರೀಕ್ಷಿಸಲು ಮ್ಯಾಂಚೆಸ್ಟರಿನಿಂದ ಪೀಟರ್ ಎಂಬ ಎಂಜಿನಿಯರರನ್ನು ಕಳಿಸುತ್ತೇವೆಂದು ತಿಳಿಸಿದರು. ಅವರು ಒಪ್ಪಿದರೆ ಕಾರ್ಖಾನೆಗೆ ವರ್ಷಗಟ್ಟಲೆ ಕೆಲಸ. ಒಪ್ಪದಿದ್ದರೆ ಹೊಸದಾಗಿ ತೆಗೆದುಕೊಂಡ ಹುಡುಗರನ್ನೆಲ್ಲ ಮನೆಗೆ ಕಳಿಸಬೇಕು. ಮಾಲೀಕರು ನನ್ನನ್ನು ಕರೆದು, "ಮಲ್ಲಪ್ಪಾ, ಪಾಹುಣಚಾರ ಕಮೀ ಪಡಾಯಲಾ ನಕೋ" ಅಂದರು. ಉಪಚಾರ ಕಡಿಮೆಯಾಗಬಾರದು ಎಂದರ್ಥ. ಸ್ವಾಗತದ ಹೊಣೆ ಹೀಗೆ ನನ್ನ ಮೇಲೆ ಬಿತ್ತು.

ನಾನು ಗುಲಾಬಿ ಹಾರ ತರಿಸಿದೆ. ಕೊಲ್ಹಾಪುರದ ಮರ್ಯಾದೆಯೆಂದರೆ ತಲೆಗೆ ಸುತ್ತುವ ಪಟಗ. ಕೇಸರಿ ಬಣ್ಣದ್ದೊಂದನ್ನು ತಂದೆ. ಪಟಗ ಸುತ್ತುವುದನ್ನು ನಮ್ಮಪ್ಪ ಕಲಿಸಿದ್ದರಿಂದ ಆ ಕೆಲಸವೂ ನನ್ನದೇ. ಸಾಹೇಬರ ಚರ್ಮಕ್ಕೆ ನಮ್ಮ ಬಿಸಿಲು ತಡೆಯಲಿಕ್ಕಿಲ್ಲವೆಂದು ಒಂದು ದೊಡ್ಡ ಕೊಡೆಯನ್ನೂ ಹೊಂದಿಸಿದೆ. ಕೆಂಪು ಮುಖ, ಹಳದಿ ಕೂದಲಿನ ಸಾಹೇಬರು ನನ್ನ ಕಣ್ಣಿಗೆ ಕಟ್ಟಿಬಿಟ್ಟಿದ್ದರು. ತಪ್ಪು ನನ್ನೊಬ್ಬನದೇ ಅಲ್ಲ. ಹುಡುಗನಾಗಿದ್ದಾಗ ಗಡಹಿಂಗ್ಲಜದ ವಾಚನಾಲಯದಲ್ಲಿ ನಾನು ಓದಿದ ಸಾಹಸದ ಕಥೆಗಳಲ್ಲೆಲ್ಲ ಬಿಳಿಯ ಸಾಹೇಬ ದುರ್ಬೀನು ಹಿಡಿದು ಮುಂದೆ, ಕರಿಯ ಆಳು ಪೆಟ್ಟಿಗೆ ಹೊತ್ತು ಹಿಂದೆ. ಆ ಆಳಿಗೆ ಹೆಸರೂ ಇರುತ್ತಿರಲಿಲ್ಲ. ಹುಲಿ ಬಂದರೆ ಮೊದಲು ತಿನ್ನುತ್ತಿದ್ದದ್ದು ಅವನನ್ನೇ. ಸಿನಿಮಾ ನೋಡಿದರೆ ಅಲ್ಲಿಯೂ ಅದೇ ಏರ್ಪಾಡು.

ಕಾರು ಬಂತು. ಮುಂದಿನ ಸೀಟಿನಿಂದ ಎತ್ತರದ ಕಪ್ಪು ಮನುಷ್ಯನೊಬ್ಬ ಇಳಿದು, ಹಿಂದೆ ಹೋಗಿ ಡಿಕ್ಕಿಯಿಂದ ಚೀಲ ತೆಗೆಯತೊಡಗಿದ. ಹಿಂದಿನ ಸೀಟಿನಿಂದ ಹಾಲಿನಂಥ ಮೈಬಣ್ಣದ, ಬೆಕ್ಕಿನ ಕಣ್ಣಿನ, ಸೂಟು ತೊಟ್ಟ ಮನುಷ್ಯರು ಇಳಿದರು. ನಾನು ಓಡಿ ಹೋಗಿ, ಬಚ್ಚಲಲ್ಲಿ ಅಭ್ಯಾಸ ಮಾಡಿದ್ದ ಇಂಗ್ಲಿಷ್ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿ ಸೂಟಿನವರಿಗೆ ಹಾರ ಹಾಕಿದೆ, ಪಟಗ ಸುತ್ತತೊಡಗಿದೆ. ಸುತ್ತುತ್ತಲೇ ಕಪ್ಪು ಮನುಷ್ಯನ ಕಡೆ ತಿರುಗಿ, "ಬ್ಯಾಗ್ ಅಂದರ್ ರಖ್ ದೋ" ಎಂದು ಹಿಂದಿಯಲ್ಲಿ ಹೇಳಿದೆ. ಅವನು ತಲೆಯಾಡಿಸಿ ಚೀಲ ಒಳಗೆ ಒಯ್ದ.

ಪಟಗದ ಕೊನೆಯ ಚುಂಗು ಸಿಕ್ಕಿಸಿದ ಮೇಲೆ ಬೆಕ್ಕಿನ ಕಣ್ಣಿನವರು ಅಚ್ಚ ಮರಾಠಿಯಲ್ಲಿ, "ಅಹೋ, ಮೀ ಪುಣ್ಯಾಚಾ. ಸಾಹೇಬ ತೇ ಆಹೇತ" ಅಂದರು. ಅಂದರೆ ಇವರು ಆ ಕಂಪನಿಯ ಪುಣೆಯ ಏಜೆಂಟರು; ಸಾಹೇಬರು ಚೀಲ ಹೊತ್ತು ಒಳಗೆ ಹೋದವರು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದರೆ, "ಕೋಣೀ ವಿಚಾರಲಂಚ ನಾಹೀ", ಯಾರೂ ಕೇಳಲೇ ಇಲ್ಲ, ಅಂದರು. ಪಟಗ ಅವರಿಗೆ ಒಪ್ಪಿತ್ತು ಕೂಡ. ಬಾಗಿಲಲ್ಲಿ ನಿಂತಿದ್ದ ಮಾಲೀಕರ ಮುಖ ಸುಣ್ಣವಾಯಿತು.

ಪೀಟರ್ ಹೊರಗೆ ಬಂದು ನನ್ನ ಕೈ ಕುಲುಕಿದರು. "ಚೀಲ ನನ್ನದೇ. ನಾನೇ ಹೊತ್ತರೆ ತಪ್ಪೇನು?" ಎಂದು ನಕ್ಕರು. ಎಲ್ಲರೂ ಹಗುರಾಗಿ ನಕ್ಕುಬಿಟ್ಟರು. ನನಗೊಬ್ಬನಿಗೆ ನಗು ಬರಲಿಲ್ಲ. ಅವರ ನಗು ತುಟಿಯ ಹತ್ತಿರವೇ ನಿಂತಿತ್ತು. ಆ ನಗೆಯ ಗುರುತು ನನಗಿದೆ. ನೀರಿನ ಡ್ರಮ್ಮಿನ ಹತ್ತಿರ ನಾನು ನಗುವುದೂ ಹಾಗೆಯೇ.

ಮುಂಜಾನೆಯೆಲ್ಲ ಅವರು ಎರಕಗಳನ್ನು ಅಳೆದರು, ತಟ್ಟಿದರು, ಬೆಳಕಿಗೆ ಹಿಡಿದು ನೋಡಿದರು. ನಾನು ಹಿಂದೆ ಹಿಂದೆ ಕೊಡೆ ಹಿಡಿದು ತಿರುಗಿದೆ. ಛಾವಣಿಯ ಕೆಳಗೆ ಕೊಡೆ ಯಾಕೆಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕೆಲವನ್ನು ತೆಗೆದು ಬದಿಗಿಟ್ಟರು. ಅವುಗಳಲ್ಲಿ ನಿಜವಾಗಿಯೂ ಗುಳ್ಳೆಗಳಿದ್ದವು. ಉಳಿದವುಗಳಿಗೆ ಒಪ್ಪಿಗೆ ಕೊಟ್ಟರು. ಮುಂಜಾನೆಯ ಸಿಟ್ಟನ್ನು ಕಬ್ಬಿಣದ ಮೇಲೆ ತೀರಿಸಿಕೊಳ್ಳಲಿಲ್ಲ.

ಊಟಕ್ಕೆ ಕೂತಾಗ ಕ್ಷಮೆ ಕೇಳಿದೆ. ಇಂಗ್ಲಿಷು ಅರ್ಧ ದಾರಿಯಲ್ಲಿ ಕೈಕೊಟ್ಟಿದ್ದರಿಂದ, "ನಾನೂ ಕಪ್ಪೇ ಸರ್" ಎಂದು ಮುಗಿಸಿದೆ. "ಗಮನಿಸಿದ್ದೇನೆ" ಅಂದರು. ಇಬ್ಬರೂ ನಕ್ಕೆವು, ಈ ಸಲ ಅವರ ನಗು ಕಣ್ಣಿನವರೆಗೂ ಹೋಯಿತು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

"ಸರ್, ತಮ್ಮದು ಮೂಲ ಯಾವ ದೇಶ?" ಎಂದೆ.

"ಮ್ಯಾಂಚೆಸ್ಟರ್."

"ಅದಕ್ಕಿಂತ ಮೊದಲು?"

"ಮ್ಯಾಂಚೆಸ್ಟರಿನ ಹೆರಿಗೆ ಆಸ್ಪತ್ರೆ."

"ಹಾಗಲ್ಲ ಸರ್, ತಂದೆಯವರು?"

"ಮ್ಯಾಂಚೆಸ್ಟರಿನಲ್ಲಿ ಬಸ್ಸು ಓಡಿಸುತ್ತಿದ್ದರು," ಎಂದು ಚಮಚ ಕೆಳಗಿಟ್ಟರು. "ಸ್ವಲ್ಪ ಹೊತ್ತಿನ ಹಿಂದೆ ಫೋನಿನಲ್ಲಿ ನೀವು ಮಾತಾಡಿದ ಭಾಷೆಯೂ ಮಾಲೀಕರ ಜೊತೆ ಮಾತಾಡುವ ಭಾಷೆಯೂ ಬೇರೆ ಬೇರೆ. ಫೋನಿನದು ಯಾವುದು?"

"ಕನ್ನಡ ಸರ್. ನಮ್ಮ ಮನೆಮಾತು."

"ಅಂದರೆ ನೀವು ಕರ್ನಾಟಕದಿಂದ ಬಂದವರು."

"ಇಲ್ಲ ಸರ್, ಇಲ್ಲಿಯವನೇ. ಗಡಹಿಂಗ್ಲಜ ತಾಲೂಕಿನ ನೂಲ."

"ಅದಕ್ಕಿಂತ ಮೊದಲು?"

ನನಗೆ ರೇಗಿತು. ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಕೊಲ್ಹಾಪುರದಲ್ಲಿ, "ತುಮ್ಹೀ ಮೂಳಚೇ ಕುಠಲೇ?", ಮೂಲ ಎಲ್ಲಿಯವರು, ಎಂದು ಕೇಳುತ್ತಾರೆ, ಬೆಳಗಾವಿಗೆ ಹೋದರೆ, "ನೀವು ಮಹಾರಾಷ್ಟ್ರದವ್ರು ಹೌದಲ್ರಿ?" ಅನ್ನುತ್ತಾರೆ. "ನಮ್ಮ ಅಜ್ಜನ ಅಜ್ಜ ಅದೇ ನೂಲದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ! ಅದಕ್ಕಿಂತ ಮೊದಲು ಎಂದರೆ ಏನು ಹೇಳಲಿ?" ಎಂದು ದನಿ ಏರಿಸಿದೆ. ಆಮೇಲೆ ಆ ದನಿ ನನಗೇ ಕೇಳಿಸಿತು. ಪೀಟರ್ ಚಮಚ ಎತ್ತಿಕೊಂಡು, "ಉಪ್ಪಿನಕಾಯಿ ಬಹಳ ಚೆನ್ನಾಗಿದೆ" ಅಂದರು.

ಸಂಜೆ ಇನ್ನೊಂದು ಪಟಗ ತರಿಸಿ ಅವರ ತಲೆಗೆ ನಾನೇ ಸುತ್ತಿದೆ. ಮೊದಲಿನದನ್ನು ಪುಣೆಯವರು ಬಿಚ್ಚಲು ಒಪ್ಪಿರಲಿಲ್ಲ. ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡೆವು. ರಾತ್ರಿ ಊಟಕ್ಕೆ ಸಾಹೇಬರು ನಮ್ಮ ಮನೆಗೇ ಬಂದರು. ಶೈಲಾಳಿಗೆ ಎಲ್ಲ ಕೇಳಿ ಗಾಬರಿಯಾಗಿತ್ತು; ಏನು ಮಾತಾಡಬೇಕೆಂದು ತಿಳಿಯದೆ, "ಯಾವ ಊರಿನವರಂತ ಕೇಳ್ರಿ" ಅಂದಳು. ನಾನು ಕೇಳಲು ಧೈರ್ಯ ಮಾಡದೆ, ಮ್ಯಾಂಚೆಸ್ಟರ್ ಎಂದು ನಾನೇ ಹೇಳಿದೆ. ಅವಳ ಮುಖ ಅರಳಿತು.

"ಹಂಗಾರ ನಮ್ಮ ತವರಮನಿ ಕಡೆಯವ್ರ ಆದ್ರಲ್ರಿ! ನಮ್ಮ ಇಚಲಕರಂಜಿಗೂ ಮ್ಯಾಂಚೆಸ್ಟರ್ ಅಂತಾರ, ಮಗ್ಗದ ಊರಂತ. ಹೇಳ್ರಿ ಅವರಿಗೆ."

ಹೇಳಿದೆ. ಪೀಟರರ ಅಜ್ಜಿಯೂ ನೂಲಿನ ಗಿರಣಿಯಲ್ಲಿ ದುಡಿದವರಂತೆ. ಅಲ್ಲಿಂದ ಮುಂದೆ ನನ್ನ ಭಾಷಾಂತರಕ್ಕೆ ಯಾರೂ ಕಾಯಲಿಲ್ಲ. ಮಗ್ಗದ ಸದ್ದನ್ನು ಅವಳು ಬಾಯಿಂದ ಮಾಡಿ ತೋರಿಸಿದಳು. ಅವರು ಬೇರೆ ತಾಳದಲ್ಲಿ ಮಾಡಿ ತೋರಿಸಿದರು. ತವರಿನ ಕಡೆಯವರೆಂದು ಅವರ ರೊಟ್ಟಿಗೆ ಬಿದ್ದ ಬೆಣ್ಣೆಯಷ್ಟು ನನ್ನ ರೊಟ್ಟಿಗೆ ಈವರೆಗೆ ಬಿದ್ದಿಲ್ಲ.

ಅವರು ಹೋದ ಮೇಲೆ ಒಂದು ಪತ್ರಿಕೆಯಲ್ಲಿ ಆ ಫೋಟೋ ಬಂತು. ಕೆಳಗೆ ಹೆಸರು ಬರೆದವರು ತಮ್ಮ ತಿಳುವಳಿಕೆಯಂತೆ ಬರೆದಿದ್ದರು. ಪುಣೆಯ ಏಜೆಂಟರು "ಇಂಗ್ಲೆಂಡಿನ ತಜ್ಞ ಪೀಟರ್" ಆಗಿದ್ದರು. ಪಕ್ಕದಲ್ಲಿ ಪಟಗ ಧರಿಸಿ ನಿಂತ ಪೀಟರ್, "ಕಾರ್ಖಾನೆಯ ಶ್ರೀ ಮಲ್ಲಪ್ಪ" ಆಗಿದ್ದರು. ನನ್ನನ್ನು ಅಂಚಿನಲ್ಲಿ ಕತ್ತರಿಸಿದ್ದರು. ಮೊಳಕೈ ಮಾತ್ರ ಉಳಿದಿತ್ತು. ನನಗೆ ಬಹಳ ಸಿಟ್ಟು ಬಂತು. ಜನ ಇನ್ನೂ ಬಣ್ಣ ನೋಡಿಯೇ ಮನುಷ್ಯರನ್ನು ಅಳೆಯುತ್ತಾರಲ್ಲ ಎಂದು ಶೈಲಾಳ ಮುಂದೆ ದೊಡ್ಡ ಭಾಷಣ ಶುರುಮಾಡಿದ್ದೆ. ಅಷ್ಟರಲ್ಲಿ ಫೋನು ಬಂತು. ನೂಲದ ನಮ್ಮ ಸೋದರತ್ತೆ.

"ಮಲ್ಲೂ, ಪೇಪರಿನ್ಯಾಗ ನಿನ್ನ ಫೋಟೋ ಬಂದೈತಲ್ಲೋ! ಪಟಗಾ ಭಾಳ ಒಪ್ಪೈತಿ. ಎತ್ತರ ಕಾಣಾಕತ್ತಿ. ಮತ್ತ, ಮೊದಲಿನಕಿಂತ ಥೋಡೆ ಬೆಳ್ಳಗಾಗೀದಿ ನೋಡು!"

ಅದು ನಾನಲ್ಲ ಅತ್ತೀ, ಮ್ಯಾಂಚೆಸ್ಟರಿನ ಸಾಹೇಬರು ಎಂದು ಹೇಳಬೇಕೆಂದೇ ಬಾಯಿ ತೆರೆದೆ.

"ಖರೇನ ಅತ್ತೀ?" ಅಂದೆ. "ಚಷ್ಮಾ ಹಾಕ್ಕೊಂಡು ಇನ್ನೊಮ್ಮೆ ನೋಡಿ ಹೇಳ್ರಿ."