ಪಾಯಿಂಟ್ ಸಂಘದ ಹಂಗೇರಿ ಶಾಖೆ

ಎಲ್ಲಾ ಕೆಟ್ಟಿದ್ದು ಒಂದು ‘ಹ’ಕಾರದಿಂದ. ಪುಟ್ಟಸ್ವಾಮಿಯ ಬಾಯಲ್ಲಿ ಆ ಅಕ್ಷರ ಹುಟ್ಟಿದಾಗಿನಿಂದ ನಿಂತದ್ದಿಲ್ಲ. ಹಾಸನ ಅವನಿಗೆ ಆಸನ, ಹೊಳೆನರಸೀಪುರ ಒಳೆನರಸೀಪುರ. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಅವನ ಸುತ್ತ ಇದ್ದವರ ಬಾಯಿಯೂ ಅಂಥದ್ದೇ.

ಪುಟ್ಟಸ್ವಾಮಿ ಚನ್ನರಾಯಪಟ್ಟಣದ ಬೋರ್‌ವೆಲ್ ಪಾಯಿಂಟ್ ನೋಡುವವರ ಸಂಘದ ಕಾರ್ಯದರ್ಶಿ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದು, ಕಾಯಿ ಎದ್ದು ನಿಂತ ಕಡೆ ನೀರಿದೆ ಎಂದು ಕಲ್ಲು ನೆಡಿಸುವುದು ಈ ಸಂಘದವರ ಕಸುಬು. ನೀರು ಬಂದರೆ ಇವರ ಕೈಗುಣ, ಬಾರದಿದ್ದರೆ ಲಾರಿಯವನು ಕೊರೆದದ್ದು ಸರಿಯಿಲ್ಲ. ಸಂಘ ಮೊದಲು ಹೊಳೆನರಸೀಪುರಕ್ಕೆ ಹಬ್ಬಿತು. ಅಲ್ಲಿನವರು ಬೇಸಿಗೆ ಮುಗಿಯುವುದರೊಳಗೆ ತಮ್ಮದೇ ಮುಖ್ಯ ಕಚೇರಿ ಎಂದು ಬೋರ್ಡು ಬರೆಸಿದರು. ಆಮೇಲೆ ಅರಕಲಗೂಡಿಗೆ ಹಬ್ಬಿತು. ಅಲ್ಲಿದ್ದವರು ಇಬ್ಬರು ಸದಸ್ಯರು, ಇಬ್ಬರೂ ಅಧ್ಯಕ್ಷರು. ಅಂದಿನಿಂದ ಸಂಘದಲ್ಲಿ ಯಾರಾದರೂ ‘ಶಾಖೆ’ ಎಂದರೆ ಸಾಕು, ಉಳಿದವರು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಪುಟ್ಟಸ್ವಾಮಿಗೆ ಫೋನು ಬಂತು. ಮಾತಾಡಿದವಳು ಇಂಚರ, ಹೊಳೆನರಸೀಪುರದ ಅರ್ಚಕರ ಮಗಳು. ಹಂಗೇರಿ ದೇಶದಲ್ಲಿ ಸಂಗೀತ ಕಲಿಸುತ್ತಾಳೆ. ಅಲ್ಲೂ ಕಡ್ಡಿ ಹಿಡಿದು ನೀರು ನೋಡುವವರಿದ್ದಾರೆ. ಪುಟ್ಟಸ್ವಾಮಿಯ ಅಂಗೈ ಮೇಲೆ ಕಾಯಿ ಎದ್ದು ನಿಲ್ಲುವ ವಿಡಿಯೋವನ್ನು ಅವಳು ಅವರಿಗೆ ತೋರಿಸಿದ್ದಳು. ಕಂಡವರು ಕಡ್ಡಿ ಕೆಳಗಿಟ್ಟಿದ್ದರು.

“ಸರ್, ನಿಮ್ಮ ಸಂಘದ ಹಂಗೇರಿ ಶಾಖೆ ತೆರೀಬೇಕು ಅಂತಿದ್ದಾರೆ. ಉದ್ಘಾಟನೆಗೆ ಕಾರ್ಯದರ್ಶಿಗಳೇ ಬರಬೇಕಂತೆ, ವಿಮಾನದ ಟಿಕೆಟ್ ಅವರೇ ಕಳಿಸ್ತಾರೆ. ಸಂಜೆ ನಿಮ್ಮ ಸಭೆ ಇದೆಯಲ್ಲ, ಆಗ ವಿಡಿಯೋ ಕಾಲ್ ಮಾಡಿ ಎಲ್ಲರ ಮುಂದೆ ಕರೀತೀನಿ.”

ಪುಟ್ಟಸ್ವಾಮಿ ಇದುವರೆಗೆ ವಿಮಾನ ನೋಡಿದ್ದು ಹೊಲದಲ್ಲಿ ನಿಂತು, ಕತ್ತೆತ್ತಿ. “ಅಂಗೇರೀಲಿ ಶಾಖೆನಾ? ನಾನೇ ಬರ್ಬೇಕಾ? ಬತ್ತೀನಿ ಕಣವ್ವ, ಬತ್ತೀನಿ” ಎಂದ.

ಹಿಂದಿನ ಬೆಂಚಿನಲ್ಲಿ ಟೀ ಗ್ಲಾಸು ಬಾಯಿಯ ಹತ್ತಿರವೇ ನಿಂತಿತು. ಗ್ಲಾಸು ಹಿಡಿದಿದ್ದವನು ಸಂಘದ ಸಹಕಾರ್ಯದರ್ಶಿ ನಟರಾಜ.

“ಏನಣ್ಣ, ಕೆಂಗೇರೀಲಿ ಶಾಖೆ ಮಾಡ್ತಿದೀಯಂತೆ?”

ನಿಜ ಹೇಳಿದರೆ ನಟರಾಜ ಸಂಜೆಯೊಳಗೆ ಪಾಸ್‌ಪೋರ್ಟಿನ ಫೋಟೋ ತೆಗೆಸುವ ಆಸಾಮಿ. ಹೊಳೆನರಸೀಪುರದ ಶಾಖೆಗೆ ಪುಟ್ಟಸ್ವಾಮಿ ಊರೆಲ್ಲಾ ಓಡಾಡಿ ಜನ ಸೇರಿಸಿದರೆ, ಟೇಪು ಕತ್ತರಿಸಿ ಹಾರ ಹಾಕಿಸಿಕೊಂಡವನು ಇದೇ ನಟರಾಜ. ಈ ಸಲ ಮಾತ್ರ ಬಾಯಿ ಬಿಡಬಾರದು. ಬೆಂಗಳೂರಿನ ಪಕ್ಕದ ಕೆಂಗೇರಿ ಎಂದೇ ಪೆದ್ದ ತಿಳಿದುಕೊಂಡಿರಲಿ ಎಂದು ಪುಟ್ಟಸ್ವಾಮಿ ಒಳಗೊಳಗೇ ಹಿಗ್ಗಿದ.

“ಊಂ, ಕೆಂಗೇರೀನೇ. ಸುಮ್ನೆ ಒಂದು ಮಾತು ಬಂತು ಅಷ್ಟೇಯ” ಎಂದು ಹಲ್ಲು ಬಿಟ್ಟು ನಕ್ಕ.

ಸುಮ್ಮನೆ ಬಂದ ಮಾತಿಗೆ ಯಾರಾದರೂ ಅಷ್ಟು ನಗುತ್ತಾರೆಯೇ? ಕೆಂಗೇರಿಯ ಕಡೆ ಬಡಾವಣೆಗಳಿಗೆ ಲೆಕ್ಕವಿಲ್ಲ, ಸೈಟಿಗೊಂದು ಬೋರು. ಇವನು ಸಂಘದ ಹೆಸರಿನಲ್ಲಿ ಒಬ್ಬನೇ ನುಂಗಲು ಹೊರಟಿದ್ದಾನೆ ಎಂದು ನಟರಾಜನಿಗೆ ಖಾತ್ರಿಯಾಯಿತು. ಟೀ ಆರುವ ಮೊದಲೇ ಎಲ್ಲ ಸದಸ್ಯರಿಗೂ ಫೋನು ಹೋಯಿತು.

ಪುಟ್ಟಸ್ವಾಮಿ ಮನೆಗೆ ಬರುವಷ್ಟರಲ್ಲಿ ಸುದ್ದಿ ಒಲೆಯ ಮುಂದೆ ಕೂತಿತ್ತು. ಹೆಂಡತಿ ನೀಲಾಂಬಿಕೆ ತಟ್ಟೆಯನ್ನು ಇಡಲಿಲ್ಲ, ಕುಕ್ಕಿದಳು.

“ರೀ, ಕೆಂಗೇರೀಲಿ ಯಾರವ್ರೆ?”

“ಯಾರೂ ಇಲ್ಲ ಕಣೇ.”

“ಯಾರೂ ಇಲ್ದಿದ್ ಊರಿಗೆ ಶಾಖೆ ಯಾಕೆ? ಫೋನಲ್ಲಿ ಎಂಗಸಿನ ದನಿ ಕೇಳುಸ್ತಂತೆ. ನೀವು ಅಲ್ಲು ಬಿಟ್ಕಂಡು ‘ಬತ್ತೀನಿ ಬತ್ತೀನಿ’ ಅಂತಿದ್ರಂತೆ.”

ನಿಜ ಹೇಳಿಬಿಡೋಣ ಎಂದು ಪುಟ್ಟಸ್ವಾಮಿಯ ನಾಲಿಗೆ ತುದಿಗೆ ಬಂತು. ಆದರೆ ನೀಲಾಂಬಿಕೆಯ ತಂಗಿಯನ್ನು ಕೊಟ್ಟಿರುವುದು ನಟರಾಜನ ಅಣ್ಣನಿಗೆ. ಇಲ್ಲಿ ಹೇಳಿದ್ದು ಅಲ್ಲಿಗೆ ತಲುಪಲು ಬಸ್ಸೂ ಬೇಡ. ಅವನು ಉಪ್ಪಿಲ್ಲದ ಉಪ್ಪಿಟ್ಟನ್ನು ತಿಂದು ಎದ್ದ.

ಮಧ್ಯಾಹ್ನ ನುಗ್ಗೇಹಳ್ಳಿಯಲ್ಲಿ ಪರಮೇಶನ ಹೊಲಕ್ಕೆ ಪಾಯಿಂಟ್ ನೋಡುವುದಿತ್ತು. ಕಾಯಿ ಅಂಗೈ ಮೇಲೆ ಮಲಗಿತ್ತು, ಪುಟ್ಟಸ್ವಾಮಿ ಕಣ್ಣು ಮುಚ್ಚಿ ಹೆಜ್ಜೆ ಹಾಕುತ್ತಿದ್ದ. ಹಿಂದಿನಿಂದ ಪರಮೇಶ ಕೇಳಿದ:

“ಸಾ, ನೀವು ಕೆಂಗೇರಿಗೆ ಓಯ್ತೀರಂತಲ್ಲ. ನೀರು ಬೀಳ್ದಿದ್ರೆ ನಾವು ಯಾರ್ನ ಇಡ್ಕಳಣ?”

ಪುಟ್ಟಸ್ವಾಮಿ ಥಟ್ಟನೆ ಹಿಂದಕ್ಕೆ ತಿರುಗಿದ. ಕಾಯಿ ಎದ್ದು ನಿಲ್ಲುವ ಬದಲು ಉರುಳಿ ಹೆಬ್ಬೆರಳ ಮೇಲೆ ಬಿತ್ತು. “ಇಲ್ಲೇಯಾ ಸಾ?” ಎಂದ ಪರಮೇಶ. ಪುಟ್ಟಸ್ವಾಮಿ ನೋವಿಗೆ ತಲೆ ಅಲ್ಲಾಡಿಸಿದ. ಪರಮೇಶ ಅಲ್ಲೇ ಕಲ್ಲು ನೆಟ್ಟ.

ಸಂಜೆ ಸಭೆ ತೆಂಗಿನಕಾಯಿ ಮಂಡಿಯ ಗೋಡೌನಿನಲ್ಲಿ. ಕುಂಟುತ್ತಾ ಬಂದ ಪುಟ್ಟಸ್ವಾಮಿಗೆ ಬಾಗಿಲಲ್ಲೇ ಗಾಬರಿಯಾಯಿತು. ಚಂದಾ ಕಟ್ಟದೆ ತಲೆಮರೆಸಿಕೊಂಡಿದ್ದವರೂ ಬಂದು ಕೂತಿದ್ದರು. ಎಲ್ಲರ ಕಣ್ಣೂ ಅವನ ಮೇಲೆ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಅಧ್ಯಕ್ಷ ಚನ್ನಪ್ಪ ಹಿರಿಯರು, ಸುತ್ತಿ ಬಳಸಿ ಮಾತಾಡುವವರಲ್ಲ.

“ನೋಡ್ಲಾ ಪುಟ್ಟಸ್ವಾಮಿ, ನೇರವಾಗಿ ಕೇಳ್ತೀನಿ. ಒಸಾ ಶಾಖೆ ವಿಸ್ಯ ನಿಜಾನಾ? ನೀನೇ ಓಗಿ ನೋಡ್ಕಳೋ ಯೋಚ್ನೇನಾ?”

ಇನ್ನು ಮುಚ್ಚಿಟ್ಟರೆ ಮರ್ಯಾದೆ ಉಳಿಯುವುದಿಲ್ಲ. ಹೇಗೂ ಇಂಚರಳ ಫೋನು ಬರುವ ಹೊತ್ತಾಗಿದೆ. ಪುಟ್ಟಸ್ವಾಮಿ ಎದ್ದು ನಿಂತು, ಅಂಗಿ ಎಳೆದು ಸರಿಮಾಡಿಕೊಂಡು, ಮೊದಲು ದೇಶದ ಹೆಸರು ಹೇಳಿ ಆಮೇಲೆ ವಿವರಕ್ಕೆ ಬರೋಣವೆಂದು ಗಂಭೀರವಾಗಿ ನುಡಿದ:

“ಅಂಗೇರಿ.”

“ಕೇಳಿದ್ರಾ?” ನಟರಾಜ ಮೇಲೆದ್ದ. “ಅಂಗೇ ರೀ ಅಂತ ಅವರ ಬಾಯಲ್ಲೇ ಬಂತು. ಒಪ್ಕೊಂಡ್ರು.”

ಸಭೆ ಚಪ್ಪಾಳೆ ತಟ್ಟಿತು. ಪುಟ್ಟಸ್ವಾಮಿ ಕೈ ಬೀಸಿದ. “ಅಯ್ಯೋ, ನಾನಂದಿದ್ದು ಅಂಗೇರಿ. ಅಂಗೇರಿ ಕಣ್ರಪ್ಪ.”

“ಗೊತ್ತಾಯ್ತು ಕೂತ್ಕಳ್ಲಾ, ಒಂದ್ಸಲ ಒಪ್ಕಂಡ್ರೆ ಸಾಕು” ಎಂದರು ಚನ್ನಪ್ಪ.

ನಟರಾಜ ಬಿಡಲಿಲ್ಲ. “ಶಾಖೆ ನೋಡ್ಕಳೋರು ಆ ಊರಲ್ಲೇ ಇರ್ಬೇಕು, ಇಲ್ಲಿನ ಉದ್ದೆ ಬಿಡ್ಬೇಕು. ಅರಕಲಗೂಡಿನ ಗಲಾಟೆ ಆದ್ಮೇಲೆ ಪುಟ್ಟಸ್ವಾಮಣ್ಣನೇ ತಂದ ರೂಲು.”

ರೂಲು ನಿಜವೇ ಆಗಿತ್ತು. ಪುಟ್ಟಸ್ವಾಮಿ ಇನ್ನೊಂದು ಸಲ ‘ಅಂಗೇರಿ’ ಎನ್ನುವಷ್ಟರಲ್ಲಿ ಅವನನ್ನು ಕೆಂಗೇರಿ ಶಾಖೆಯ ಉಸ್ತುವಾರಿಯನ್ನಾಗಿಯೂ ನಟರಾಜನನ್ನು ಕಾರ್ಯದರ್ಶಿಯನ್ನಾಗಿಯೂ ಮಾಡಿ ಮುಗಿದಿತ್ತು. ಹಾರ ಮೊದಲೇ ತರಿಸಿದ್ದರು.

ಆಗ ಪುಟ್ಟಸ್ವಾಮಿಯ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಇಂಚರ, ಅವಳ ಬೆನ್ನಿಗೆ ಟೊಪ್ಪಿ ಹಾಕಿಕೊಂಡ ನಾಲ್ಕಾರು ಬಿಳಿಯರು. ಎಲ್ಲರೂ ಕೈ ಮುಗಿದರು.

“ನಮಸ್ಕಾರ, ಹಂಗೇರಿ ದೇಶದಿಂದ ಮಾತಾಡ್ತಿದ್ದೀವಿ” ಎಂದಳು ಇಂಚರ. ಅವಳ ‘ಹ’ ಗಂಟೆ ಹೊಡೆದಷ್ಟು ಸ್ಪಷ್ಟ. “ಇಲ್ಲಿ ನಿಮ್ಮ ಶಾಖೆ ತೆರೆಯೋಕೆ ಕಾರ್ಯದರ್ಶಿಗಳನ್ನ ಕರೀತಿದ್ದೀವಿ.”

ಎಲ್ಲರೂ ಫೋನಿನ ಸುತ್ತ ನುಗ್ಗಿದರು. ಮೊದಲು ಬಾಯಿ ಬಿಟ್ಟವರು ಚನ್ನಪ್ಪ. “ಅಲ್ಲಿ ಎಷ್ಟು ಜನ ಅವ್ರವ್ವ? ಮೆಂಬರ್ ಆಗ್ಲಿ, ಬೇಡ ಅನ್ನಲ್ಲ. ಆದ್ರೆ ವೋಟು ಮಾತ್ರ ಇರಲ್ಲ ಅಂತ ಈಗ್ಲೇ ಏಳ್ಬುಡು.”

“ಆಗಲಿ ಸರ್. ಕಾರ್ಯದರ್ಶಿಗಳು ಯಾರು ಅಂತ ಇವರಿಗೆ ಸಭೆಯೇ ಹೇಳಬೇಕಂತೆ, ಟಿಕೆಟ್‌ಗೆ ಹೆಸರು ಬೇಕಿತ್ತು.”

“ನಾನು” ಎಂದ ಪುಟ್ಟಸ್ವಾಮಿ. ಅವನ ದನಿ ಅವನಿಗೇ ಕೇಳಿಸಲಿಲ್ಲ.

“ನಾನು ಮೇಡಂ, ನಟರಾಜ” ಎಂದ ನಟರಾಜ, ಹಾರ ಸರಿಮಾಡಿಕೊಂಡು ಮುಂದೆ ಬಂದು. ಫೋನು ಮಾತ್ರ ಪುಟ್ಟಸ್ವಾಮಿಯ ಕೈಯಲ್ಲೇ ಇತ್ತು. ಮುಖ ಚೆನ್ನಾಗಿ ಬರಲಿ ಎಂದು ಯಾರೋ ಅವನ ಮೊಣಕೈಯನ್ನು ಮೇಲಕ್ಕೆತ್ತಿ ಹಿಡಿದರು.

ಪುಟ್ಟಸ್ವಾಮಿಗೆ ಅಳು ಬಂತು. ಬೆಳಿಗ್ಗೆ ಟೀ ಅಂಗಡಿಯಲ್ಲೇ ನಿಜ ಹೇಳಿಬಿಟ್ಟಿದ್ದರೆ ಈ ಪಾಡು ಬರುತ್ತಿರಲಿಲ್ಲ. ಸಭೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ನಟರಾಜ ಹತ್ತಿರ ಬಂದು, ಬಹಳ ವಿನಯದಿಂದ ಅವನ ಹೆಗಲ ಮೇಲೆ ಕೈಯಿಟ್ಟ.

“ಅಣ್ಣ, ಅಲ್ಲಿ ಶ್ಯಾನೆ ಚಳಿಯಂತೆ. ನಿನ್ ಸ್ವೆಟರ್ ಇದ್ರೆ ಕೊಡು. ಕೆಂಗೇರೀಲಿ ಬೇಕಾಗಕಿಲ್ವಲ್ಲ.”